ಶಿಂಚುವಿನ ಊಟ: ಎರಡು ಅಕ್ಕಿ, ಒಂದೇ ಬೀದಿ

ತೈವಾನ್‌ನಲ್ಲಿ ಏನು ತಿಂದೆ ಅಂತ ಊರಲ್ಲಿ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಅಕ್ಕಿ. ಸುಶಿಯಲ್ಲಿ ಅಕ್ಕಿ, ಶಾವಿಗೆಯಲ್ಲಿ ಅಕ್ಕಿ, ರೈಲಿನ ಬುತ್ತಿಯಲ್ಲಿ ಅಕ್ಕಿ, ಕೊನೆಗೆ ಚಹಾದ ಬಟ್ಟಲಲ್ಲೂ ಮಂಡಕ್ಕಿ. ಹೊರದೇಶಕ್ಕೆ ಹೋದರೆ ಬ್ರೆಡ್ಡೇ ಗತಿ ಅಂದುಕೊಂಡು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೊರಡುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ, ಭಾವ ಇರುವುದು ಶಿಂಚು ಎಂಬ ಊರಿನಲ್ಲಿ. ರಾಜಧಾನಿ ತೈಪೆಯಿಂದ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. 1980ರಲ್ಲಿ ಇಲ್ಲಿ ಸೈನ್ಸ್ ಪಾರ್ಕ್ ಶುರುವಾಯಿತು, ಚಿಪ್ ಮಾಡುವ ಕಂಪನಿಗಳು ಬೆಳೆದವು. ಆ ಕೆಲಸಕ್ಕೆ, ಇಲ್ಲಿನ ವಿಶ್ವವಿದ್ಯಾಲಯಗಳ ಓದಿಗೆ ಅಂತ ನಮ್ಮ ದೇಶದವರೂ ಬಂದರು. ಈ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಮ್ಮ ಸೋಮವಾರ, ಶನಿವಾರ ಮೀನು ಮಾಂಸ ಮುಟ್ಟುವುದಿಲ್ಲ. ಉಳಿದ ದಿನ ಮೀನು ಅಂದರೆ ಪ್ರಾಣ. ಹಾಗಾಗಿ ಎರಡೂ ಬಗೆಯ ಊಟ ಹುಡುಕಿಕೊಂಡು ಓಡಾಡಿದೆವು.

ಶಿಂಚುವಿಗೆ ಗಾಳಿಯ ಊರು ಅಂತಲೇ ಹೆಸರು. ಚಳಿಗಾಲದಲ್ಲಿ ಈಶಾನ್ಯದಿಂದ ಒಣಗಾಳಿ ಬೀಸುತ್ತದೆ. ಆ ಗಾಳಿಯನ್ನೇ ನಂಬಿ ಇಲ್ಲಿನವರು ತಲೆಮಾರುಗಳಿಂದ ಅಕ್ಕಿ ಶಾವಿಗೆ ಮಾಡುತ್ತಾ ಬಂದಿದ್ದಾರೆ. ಅಕ್ಕಿ ರುಬ್ಬಿ, ನೀರು ಬಸಿದು, ಬೇಯಿಸಿ, ಒತ್ತಿ, ಬಿದಿರಿನ ತಟ್ಟಿಗಳ ಮೇಲೆ ಹರಡಿ ಗಾಳಿಗೆ ಇಡುವುದು. ನಮ್ಮ ಒತ್ತು ಶಾವಿಗೆಯ ಹಾಗೇ, ಆದರೆ ಎಳೆ ಇನ್ನೂ ಸಣ್ಣ, ಒಣಗಿಸಿದ್ದರಿಂದ ಹುರಿದರೂ ಮುದ್ದೆಯಾಗುವುದಿಲ್ಲ. ಊರ ನಡುವೆ ಚೆಂಗ್‌ಹುವಾಂಗ್ ಗುಡಿ ಇದೆ. ಊರು ಕಾಯುವ ದೇವರ ಗುಡಿ, 1748ರಲ್ಲಿ ಕಟ್ಟಿದ್ದು. ಅದರ ಅಂಗಳದ ತುಂಬಾ ತಿಂಡಿ ಅಂಗಡಿಗಳು. ಒಂದು ಕಡೆ ಊದಿನಕಡ್ಡಿ ಹೊಗೆ, ಇನ್ನೊಂದು ಕಡೆ ಬಾಣಲೆಯ ಹೊಗೆ. ದೇವರಿಗೆ ಕೈ ಮುಗಿದು ಎರಡು ಹೆಜ್ಜೆ ಇಟ್ಟರೆ ಶಾವಿಗೆ ತಟ್ಟೆ ಮುಂದೆ ಕೂರಬಹುದು. ಅಮ್ಮನಿಗೆ ಅಲ್ಲೇ ಆ ಊರು ಹಿಡಿಸಿಬಿಟ್ಟಿತು.

ಶಾವಿಗೆ ತಿನ್ನುತ್ತಾ ಅಮ್ಮ ಒಂದು ಮಾತು ಹೇಳಿದರು. "ಮನೇಲಿ ಅಕ್ಕ ಮಾಡೋ ಅನ್ನ ಅಂಟು ಅಂಟು. ಇದು ಅಂಟಲ್ಲ. ಇದು ಬೇರೆ ಅಕ್ಕಿ." ಅಮ್ಮ ಭದ್ರಾ ನಾಲೆಯ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಬದುಕಿದವರು. ಅಕ್ಕಿ ವಿಷಯದಲ್ಲಿ ಅವರ ಮಾತು ತಪ್ಪುವುದಿಲ್ಲ. ವಿಚಾರಿಸಿದರೆ ಅದು ನಿಜವೇ ಆಗಿತ್ತು.

1895ರಿಂದ 1945ರವರೆಗೆ ತೈವಾನ್ ಜಪಾನಿನ ಕೈಯಲ್ಲಿತ್ತು. ಅದಕ್ಕೂ ಮೊದಲು ಇಲ್ಲಿ ಬೆಳೆಯುತ್ತಿದ್ದದ್ದು ಹೆಚ್ಚಾಗಿ ನಮ್ಮ ಕಡೆಯ ಜಾತಿಯ, ಉದುರು ಉದುರಾಗುವ ಅಕ್ಕಿ. ಜಪಾನಿನವರ ಬಾಯಿಗೆ ಅದು ಹಿಡಿಸಲಿಲ್ಲ. ಅವರಿಗೆ ಬೇಕಿದ್ದದ್ದು ಗುಂಡಗಿನ, ಅಂಟುವ ಅಕ್ಕಿ. ತಮ್ಮ ದೇಶಕ್ಕೆ ಸಾಗಿಸುವುದಕ್ಕೂ ಅದೇ ಬೇಕಿತ್ತು. ಇಸೊ ಎಯಿಕಿಚಿ ಎಂಬ ಕೃಷಿ ವಿಜ್ಞಾನಿ ಮತ್ತು ಜೊತೆಯವರು ವರ್ಷಗಟ್ಟಲೆ ದುಡಿದು ಜಪಾನಿನ ತಳಿಯನ್ನು ತೈವಾನಿನ ಬಿಸಿಲಿಗೆ ಒಗ್ಗಿಸಿದರು. 1926ರಲ್ಲಿ ಅದಕ್ಕೆ ಪೊನ್‌ಲಾಯ್ ಅಂತ ಹೆಸರಿಟ್ಟರು. ಇವತ್ತು ತೈವಾನಿನ ಮನೆಗಳಲ್ಲಿ ದಿನಾ ಬೇಯುವುದು ಈ ಬಗೆಯ ಅಕ್ಕಿ. ಹಳೆಯ ಉದುರು ಅಕ್ಕಿ ಏನು ಕಾಣೆಯಾಗಲಿಲ್ಲ. ಅದು ಶಾವಿಗೆಗೆ, ಮೂಲಂಗಿ ತುರಿ ಸೇರಿಸಿ ಹಬೆಯಲ್ಲಿ ಬೇಯಿಸುವ ಕಡುಬಿಗೆ, ಇನ್ನೂ ಹಲವು ತಿಂಡಿಗಳಿಗೆ ಉಳಿದುಕೊಂಡಿದೆ. ಜಪಾನ್ ಊಟ, ತೈವಾನ್ ಊಟ ಅಂತ ನಾವು ಎರಡು ಮಾಡಿ ಹೇಳುತ್ತೇವೆ. ಆದರೆ ಅಲ್ಲಿನ ಒಂದೇ ಬೀದಿಯಲ್ಲಿ ಈ ಎರಡೂ ಅಕ್ಕಿ ಅಕ್ಕಪಕ್ಕದ ಅಂಗಡಿಯಲ್ಲಿ ಬೇಯುತ್ತಿರುತ್ತವೆ.

ಇದಕ್ಕೆ ನಮ್ಮ ಊರಿನ ನಂಟೂ ಇದೆ. ತೈವಾನಿನಲ್ಲಿ ಹುಟ್ಟಿದ ತೈಚುಂಗ್ ನೇಟಿವ್ 1 ಎಂಬ ಗಿಡ್ಡ ಭತ್ತದ ತಳಿ 1960ರ ದಶಕದಲ್ಲಿ ಭಾರತಕ್ಕೆ ಬಂತು. ಅದನ್ನು ನಮ್ಮ ಟಿ 141 ತಳಿಯ ಜೊತೆ ಕೂಡಿಸಿ 1968ರಲ್ಲಿ ಬಿಡುಗಡೆ ಮಾಡಿದ್ದೇ ಜಯ. ಹೌದು, ಅದೇ ಜಯ ಭತ್ತ. ಅಪ್ಪ ವರ್ಷ ವರ್ಷ ಬೆಳೆದಿದ್ದು, ನಾವು ಉಂಡು ಬೆಳೆದಿದ್ದು. ಭಾವ ಇದನ್ನು ಓದಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇವರು ನಮಗೆ ಬೀಗರೇ ಆದ್ರಲ್ಲ" ಅಂದರು.

ಸೋಮವಾರದ ಊಟ ಕಷ್ಟವಾಗುತ್ತದೆ ಅಂತ ನಾವು ಹೆದರಿದ್ದೇ ಸುಮ್ನೆ. ತೈವಾನಿನಲ್ಲಿ ಸಸ್ಯಾಹಾರದ ಹೋಟೆಲುಗಳು ಬೀದಿ ಬೀದಿಯಲ್ಲಿವೆ. ಎಷ್ಟೋ ಅಂಗಡಿಗಳ ಬೋರ್ಡಿನ ಮೇಲೆ ಬೌದ್ಧರ ಸ್ವಸ್ತಿಕ ಇರುತ್ತದೆ, ಓದಲು ಬಾರದಿದ್ದರೂ ಗುರುತು ಹಿಡಿಯಬಹುದು. ಒಳಗೆ ಹೋದರೆ ಸಾಲಾಗಿ ಪಲ್ಯಗಳು: ಸೊಪ್ಪು, ಬಿದಿರಿನ ಕಳಲೆ, ಬದನೆ, ಅಣಬೆ, ಹತ್ತಾರು ಬಗೆಯ ತೋಫು, ಅಂದರೆ ಸೋಯಾ ಹಾಲಿನ ಪನೀರು. ಬೇಕಾದ್ದನ್ನು ಇಕ್ಕಳದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡರೆ ತೂಕ ಮಾಡಿ ದುಡ್ಡು ಹೇಳುತ್ತಾರೆ. ಎಷ್ಟೋ ಕಡೆ ಸೂಪಿಗೆ ಬೇರೆ ದುಡ್ಡಿಲ್ಲ. ಹೊಟ್ಟೆ ತುಂಬಾ ತಿಂದರೂ ದುಬಾರಿ ಅನ್ನಿಸುವುದಿಲ್ಲ.

ಅಲ್ಲಿ ಎಲ್ಲರೂ ದಿನಾ ಸಸ್ಯಾಹಾರಿಗಳಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೇ ದಿನ ಮಾತ್ರ ಮಾಂಸ ಬಿಡುವವರು ತುಂಬಾ ಮಂದಿ. ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ. ಇವತ್ತು ನನಗೆ ಆಗಲ್ಲ ಅಂತ ಅಮ್ಮ ಕೈಯಾಡಿಸಿದರೆ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಕಟ್ಟುನಿಟ್ಟಿನ ಬೌದ್ಧರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮಲ್ಲಿ ಅದನ್ನು ಬಿಟ್ಟವರು ಘಮಕ್ಕೆ ಇಂಗು ಹಾಕುತ್ತಾರೆ ಅಲ್ವಾ? ಅವರ ನಿಷೇಧದ ಪಟ್ಟಿಯಲ್ಲಿ ಇಂಗೂ ಇದೆ. ಇದನ್ನು ಕೇಳಿ ನನಗೆ ನಿಜಕ್ಕೂ ಅಚ್ಚರಿಯಾಯಿತು.

ಶಾಕಾಹಾರಿಗಳು ಎಚ್ಚರವಾಗಿರಬೇಕಾದ್ದು ಜಪಾನೀ ಹೋಟೆಲುಗಳಲ್ಲಿ. ಅಲ್ಲಿ ಸಾರಿನ ಮೂಲವೇ ದಾಶಿ. ಒಣಗಿಸಿ ಹೊಗೆ ಹಾಕಿದ ಬೊನಿಟೊ ಮೀನಿನ ಚಕ್ಕೆಗಳಿಂದ ಸಾಮಾನ್ಯವಾಗಿ ಅದನ್ನು ತೆಗೆಯುತ್ತಾರೆ. ಸೋಯಾ ಹುದುಗಿಸಿ ಮಾಡುವ ಮಿಸೊದ ಸೂಪು, ಸೋಬಾ ಎಂಬ ನೂಡಲ್ಸಿನ ರಸ, ತೋಫು ಮೇಲಿನ ಸಾಸು, ಇನಾರಿ ಸುಶಿಯ ಕರಿದ ತೋಫು ಚೀಲ, ಎಲ್ಲದರಲ್ಲೂ ಅದು ಇರಬಹುದು. ಕಣ್ಣಿಗೆ ಮೀನು ಕಾಣುವುದಿಲ್ಲ. ಬರೀ ಸಮುದ್ರ ಪಾಚಿ, ಶಿಟಾಕೆ ಅಣಬೆಯಿಂದಲೂ ದಾಶಿ ಮಾಡುತ್ತಾರೆ, ಕೇಳಿ ತಿಳಿದುಕೊಳ್ಳಿ. ಸೌತೆಕಾಯಿ ಸುತ್ತಿದ ಕಪ್ಪಾ ಮಾಕಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಮೀನು ತಿನ್ನುವ ದಿನ ಮಾತ್ರ ಜಪಾನೀ ಊಟಕ್ಕೆ ಸಾಟಿಯಿಲ್ಲ. ಅಕ್ಕನ ಮನೆ ಹತ್ತಿರದ ಪುಟ್ಟ ಹೋಟೆಲಿನಲ್ಲಿ ಅಮ್ಮನಿಗೆ ಸಾಬಾ ಮೀನಿನ ಊಟ ಹೇಳಿದೆವು. ಸಾಬಾ ಬಂಗುಡೆಯ ಬಳಗದ ಮೀನು. ಉದ್ದಕ್ಕೆ ಸೀಳಿ, ಉಪ್ಪು ಸವರಿ, ಕೆಂಡದ ಶಾಖದಲ್ಲಿ ಸುಡುತ್ತಾರೆ, ಅಷ್ಟೇ. ಅರಿಶಿನವಿಲ್ಲ, ಖಾರದಪುಡಿಯಿಲ್ಲ, ಹುಳಿಯಿಲ್ಲ. ಸಿಪ್ಪೆ ಅಲ್ಲಲ್ಲಿ ಉಬ್ಬಿ ಕಪ್ಪಾಗಿತ್ತು, ಊಟದ ಕಡ್ಡಿ ತಾಗಿಸಿದರೆ ಚರ್ರೆಂದು ಬಿರಿಯುತ್ತಿತ್ತು. ಒಳಗಿನ ಮಾಂಸ ಎಣ್ಣೆ ಜಿನುಗುತ್ತಾ ಪದರ ಪದರವಾಗಿ ಬಿಡುತ್ತಿತ್ತು. ಪಕ್ಕದಲ್ಲಿ ಬಿಳಿ ಮೂಲಂಗಿ ತುರಿದು ಹಿಂಡಿಟ್ಟ ಗುಪ್ಪೆ, ಒಂದು ಹೋಳು ನಿಂಬೆ, ಬಟ್ಟಲು ಅನ್ನ, ಮಿಸೊ ಸೂಪು, ಎರಡು ತುಂಡು ಉಪ್ಪಿನಕಾಯಿ. ಅಮ್ಮ ಕಡ್ಡಿ ಬದಿಗಿಟ್ಟು ಕೈಯಲ್ಲೇ ಮುಳ್ಳು ಬಿಡಿಸಿದರು. ಮೂಲಂಗಿ ತುರಿ, ಮೀನು, ಅನ್ನ ಸೇರಿಸಿ ಒಂದು ತುತ್ತು ಮಾಡಿ ನನಗೂ ಇಟ್ಟರು. ಮೀನಿನ ಕೊಬ್ಬನ್ನು ಮೂಲಂಗಿ ಹೇಗೆ ಹಗುರ ಮಾಡುತ್ತದೆ ಅನ್ನುವುದು ಆ ತುತ್ತಿನಲ್ಲಿ ಗೊತ್ತಾಯಿತು. ಮಸಾಲೆಯಿಲ್ಲದ ಮೀನು ಇಷ್ಟು ರುಚಿಯಾಗುತ್ತದೆ ಅಂತ ನಾನು ಎಣಿಸಿರಲಿಲ್ಲ. ಮೀನು ತಾಜಾ ಇದ್ದರೆ ಉಪ್ಪೊಂದೇ ಸಾಕು.

ಹಸಿ ಮೀನಿನ ಸುಶಿಗೆ ಅಮ್ಮ ಒಪ್ಪಲಿಲ್ಲ, ನಾವೂ ಬಲವಂತ ಮಾಡಲಿಲ್ಲ. ಅಕ್ಕನ ಮಗಳಿಗೆ ಮಾತ್ರ ಪಟ್ಟಿಯ ಮೇಲೆ ತಟ್ಟೆ ತಿರುಗುತ್ತಾ ಬರುವ ಸುಶಿ ಅಂಗಡಿ ಅಂದರೆ ಹಬ್ಬ. ತೈವಾನಿನವರಿಗೆ ಸುಶಿ ಎಷ್ಟು ಇಷ್ಟ ಅಂದರೆ, 2021ರ ಮಾರ್ಚಿನಲ್ಲಿ ಸುಶಿರೋ ಎಂಬ ಸುಶಿ ಹೋಟೆಲಿನವರು, ತಮ್ಮ ಹೆಸರಿನಲ್ಲಿ ಸಾಲ್ಮನ್ (ಸುಶಿಗೆ ಬಳಸುವ ಒಂದು ಮೀನು) ಅಂತ ಇರುವವರಿಗೆ ಊಟ ಉಚಿತ ಎಂದಾಗ ಮುನ್ನೂರಕ್ಕೂ ಹೆಚ್ಚು ಜನ ಸರ್ಕಾರಿ ಕಚೇರಿಗೆ ಹೋಗಿ ಹೆಸರನ್ನೇ ಬದಲಾಯಿಸಿಕೊಂಡರು. ಭಾವ ಈ ಕಥೆ ಹೇಳುವಾಗ ಮಗಳು ಪಕ್ಕದಲ್ಲೇ ಕೂತು, "ಚಿಕ್ಕಮ್ಮ, ನಾನೂ ಮಾಡ್ಕೊಳ್ತಿದ್ದೆ" ಅಂತ ಹೇಳಿ ಇನ್ನೊಂದು ತಟ್ಟೆ ಎಳೆದುಕೊಂಡಳು.

ಒಂದು ಭಾನುವಾರ ಬೇಪು ಎಂಬ ಹಳ್ಳಿಗೆ ಹೋದೆವು, ಹಕ್ಕಾ ಎಂಬ ಚೀನೀ ಮೂಲದ ಸಮುದಾಯದವರ ಊರು. ಶಿಂಚು ಜಿಲ್ಲೆಯದೇ. ಅಲ್ಲಿ ಲೇ ಛಾ ಎಂಬ ಚಹಾ ಇದೆ. ಅದನ್ನು ಗಿರಾಕಿಯೇ ಅರೆದುಕೊಳ್ಳಬೇಕು. ಒಳಗೆಲ್ಲ ಗೀರು ಗೀರಿರುವ ಮಣ್ಣಿನ ದೊಡ್ಡ ಬಟ್ಟಲು, ಉದ್ದನೆಯ ಮರದ ಗುಂಡು. ಚಹಾ ಎಲೆ, ಎಳ್ಳು, ಕಡಲೆಕಾಯಿ ಬೀಜ ಹಾಕಿ ಕೊಡುತ್ತಾರೆ. ನಾನು ಕುಟ್ಟಿದೆ, ತೋಳು ಸೋತಿತು. ಅಮ್ಮ ಕುಟ್ಟಲಿಲ್ಲ. ಬಟ್ಟಲನ್ನು ಮಡಿಲ ಹತ್ತಿರ ಎಳೆದುಕೊಂಡು ಗುಂಡನ್ನು ಅಂಚಿಗೆ ಒತ್ತಿ ಸುತ್ತ ತಿರುಗಿಸಿದರು. ಮೊದಲು ಪುಡಿಯಾಯಿತು, ಆಮೇಲೆ ಎಳ್ಳು, ಬೀಜ ಎಣ್ಣೆ ಬಿಟ್ಟು ಹಸಿರು ಚಟ್ನಿಯಾಯಿತು. ಎಣ್ಣೆ ಬಿಟ್ಟ ಮೇಲೆಯೇ ಬಿಸಿನೀರು ಹಾಕಬೇಕಂತೆ. ಅಂಗಡಿಯಾಕೆ ಬಂದು ನೋಡಿ ಹೆಬ್ಬೆರಳೆತ್ತಿದರು. ಮೇಲೆ ಒಂದು ಹಿಡಿ ಮಂಡಕ್ಕಿ ಉದುರಿಸಿ ಕೊಟ್ಟರು. ಕುಡಿಯುವುದಕ್ಕಿಂತ ಜಾಸ್ತಿ ಅದು ತಿನ್ನುವ ಚಹಾ.

ರಾತ್ರಿ ಮಾರುಕಟ್ಟೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಎರಡೇ ಮಾತು. ನಾತ ಹೊಡೆಯುವ ತೋಫು ಬಾಯಿಗೆ ಹಾಕಿದರೆ ಗರಿಗರಿ, ಜೊತೆಗೆ ಕೊಡುವ ಹುಳಿ ಎಲೆಕೋಸು ಚೆನ್ನ. ತೆಳ್ಳನೆಯ ಹಿಟ್ಟಿನ ಹಾಳೆಯ ಮೇಲೆ ಕಡಲೆಕಾಯಿ ಮಿಠಾಯಿ ಹೆರೆದು, ಐಸ್‌ಕ್ರೀಮ್ ಇಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ ಸುತ್ತಿ ಕೊಡುತ್ತಾರೆ. ಅದನ್ನು ಬಿಡಲೇಬೇಡಿ.

ರೈಲಿನ ಬುತ್ತಿ ಜಪಾನಿನವರಿಂದ ಬಂದ ರೂಢಿ. ಜಪಾನಿನಲ್ಲಿ ತಣ್ಣಗಿನ ಬುತ್ತಿಯನ್ನೇ ಇಷ್ಟಪಟ್ಟು ತಿನ್ನುತ್ತಾರೆ. ತೈವಾನಿನವರಿಗೆ ಅನ್ನ ಬಿಸಿಯಾಗಿಯೇ ಇರಬೇಕು. ಈ ವಿಷಯದಲ್ಲಿ ನಾನು ಪೂರ್ತಿ ತೈವಾನಿನವರ ಕಡೆ. ಈ ಬುತ್ತಿಗೆ ಹೆಸರಾದ ಊರು ಪೂರ್ವ ಭಾಗದ ಚಿಶಾಂಗ್. ಅಲ್ಲಿನ ಅಕ್ಕಿಗೆ ದೇಶದಲ್ಲೆಲ್ಲ ಬೇಡಿಕೆ, ತೆಳು ಮರದ ಡಬ್ಬಿಯಲ್ಲಿ ಕಟ್ಟಿ ಕೊಡುತ್ತಾರೆ. ಈ ಸಲ ಅಲ್ಲಿಗೆ ಹೋಗಲು ಆಗಲಿಲ್ಲ. ಗದ್ದೆ ನೋಡುವ ಆಸೆ ನನಗಿಂತ ಅಮ್ಮನಿಗೆ ಹೆಚ್ಚು. ಅಲ್ಲಿ ವರ್ಷಕ್ಕೆ ಎರಡು ಬೆಳೆ, ಎರಡನೆಯದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆ ತಿಂಗಳಲ್ಲೇ ಮುಂದಿನ ಟಿಕೆಟ್ ನೋಡು ಅಂತ ಅಕ್ಕನಿಗೆ ಹೇಳಿ ಬಂದಿದ್ದೇವೆ.