ಗಾಳಿ ಬೀಸುವ ಶರತ್ಕಾಲದಲ್ಲಿ ಅಳಿವೆಗೆ ಗಾಳ ಹಾಕಲು ಹೊರಡುವವರಿಗೆ

ಗಾಳಿ ಎಷ್ಟು ಜೋರು ಎಂದು ಎಲ್ಲರೂ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಅದು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು. 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಗಾಳಿ ನೆಲದ ಕಡೆಯಿಂದ ಬೀಸಿದರೆ ದಡದಂಚಿನ ನೀರು ಹೆಚ್ಚು ಕದಡುವುದಿಲ್ಲ. ಅದೇ ಗಾಳಿ ಐದಾರು ಕಿ.ಮೀ. ಬಯಲು ನೀರಿನ ಮೇಲೆ ಹಾದು ಬಂದರೆ ಸಣ್ಣ ದೋಣಿಯಲ್ಲಿ ನಿಲ್ಲುವುದೇ ಕಷ್ಟ. ಹಾಗಾಗಿ ಹಿಂದಿನ ರಾತ್ರಿಯೇ ಗಾಳಿಯ ಮುನ್ಸೂಚನೆಯನ್ನೂ ಉಬ್ಬರ–ಇಳಿತದ ವೇಳೆಯನ್ನೂ ಒಟ್ಟಿಗೆ ಇಟ್ಟುಕೊಂಡು ಜಾಗ ಗೊತ್ತುಮಾಡಿ. ಕಡಲಿಂದ ಗಾಳಿ, ಒಳಗಿಂದ ಇಳಿತದ ಸೆಳೆತ, ಎರಡೂ ಎದುರುಬದುರಾಗುವ ಹೊತ್ತಿನಲ್ಲಿ ಅಳಿವೆ ಬಾಯಿಗೆ ದೋಣಿ ಒಯ್ಯಲೇಬೇಡಿ. ಅಲ್ಲಿ ಅಲೆ ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತದೆ. ಮೂತಿ ಎತ್ತಿಕೊಳ್ಳಲು ದೋಣಿಗೆ ಪುರುಸೊತ್ತೇ ಸಿಗುವುದಿಲ್ಲ. 20 ನಾಟ್ ಮೀರಿದರೆ ದೋಣಿ ಬಿಟ್ಟು ದಡದಿಂದಲೇ ಗಾಳ ಹಾಕಿ.

ಇಷ್ಟೆಲ್ಲ ತೊಂದರೆ ಇದ್ದರೂ ಹೋಗುವುದಕ್ಕೆ ಕಾರಣವಿದೆ. ನೀರು ತಣ್ಣಗಾಗುತ್ತಾ ಬಂದಂತೆ ಸಣ್ಣ ಮೀನಿನ ಹಿಂಡುಗಳು ಹಿನ್ನೀರು ಬಿಟ್ಟು ಹೊರಕ್ಕೆ ಸರಿಯುತ್ತವೆ, ದೊಡ್ಡವು ಕಾಲುವೆಗಳ ಬಾಯಲ್ಲಿ ಕಾಯುತ್ತವೆ. ಮೇಲ್ಮೈ ಕಲಕಿದಾಗ ಬೆಳಕು ಚದುರುವುದರಿಂದ ಮೀನು ಅಷ್ಟು ಬೆದರದೆ ಮೊಣಕಾಲುದ್ದ ನೀರಿಗೂ ಬರುತ್ತದೆ. ಆದರೆ ಕಲಕಿದ ನೀರು ಬೇರೆ, ಕೆಸರು ನೀರು ಬೇರೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ನೋಡಿ, ನಿಮ್ಮ ಪಾದವೇ ಕಾಣದಿದ್ದರೆ ಮುಂದಿನ ತಿರುವಿಗೆ ಹೋಗಿ. ತಿಳಿನೀರೂ ಬಗ್ಗಡವೂ ಕೂಡುವ ಗೆರೆ ಸಿಕ್ಕರೆ ಅದರ ಉದ್ದಕ್ಕೂ ಎಸೆಯಿರಿ; ಆ ದಿನದ ಅತ್ಯುತ್ತಮ ಜಾಗ ಅದೇ.

ಸಾಮಾನಿನಲ್ಲಿ ದಪ್ಪ ದಾರ ಬೇಡ, ಗಾಳಿ ಹಿಡಿಯುವುದೇ ಅದನ್ನು. 0.16 ಮಿ.ಮೀ. ಬ್ರೇಡ್ (ಎಳೆಗಳನ್ನು ಹೆಣೆದ ದಾರ), ತುದಿಗೆ 0.40 ಮಿ.ಮೀ. ಫ್ಲೋರೋಕಾರ್ಬನ್ (ನೀರಿನಲ್ಲಿ ಅಷ್ಟಾಗಿ ಕಾಣದ ಒಂಟಿ ಎಳೆಯ ದಾರ) ಒಂದು ಮೀಟರ್ ಸಾಕು. ಶಾಂತ ದಿನಕ್ಕೆ 7 ಗ್ರಾಂ ಜಿಗ್ (ತಲೆಗೆ ಲೋಹದ ತೂಕವಿರುವ ಗಾಳ) ಆದರೆ ಇಲ್ಲಿ 10ರಿಂದ 14 ಗ್ರಾಂ. ಬಗ್ಗಡ ನೀರಿನಲ್ಲಿ ಸದ್ದು ಮಾಡುವ ಬೆಂಡು ಕಟ್ಟಿ, ಕೆಳಗೆ 50 ಸೆಂ.ಮೀ. ದಾರ ಬಿಟ್ಟು, 10–15 ಸೆಕೆಂಡಿಗೊಮ್ಮೆ ಜಗ್ಗಿ ಬಿಡಿ. ಕಣ್ಣಿಗೆ ಕಾಣದ ಎರೆ ಮೀನಿಗೆ ಕಿವಿಯಿಂದ ಸಿಗಬೇಕು.

ದಾರ ಗಂಟಾಗುವುದಕ್ಕೆ ಗಾಳಿಯನ್ನು ಬೈಯುತ್ತೇವೆ. ತಪ್ಪು ಹಿಂದಿನ ಎಸೆತದ್ದು. ಅಡ್ಡಗಾಳಿಗೆ ದಾರ ಬಿಲ್ಲಿನಂತೆ ಬಾಗಿದಾಗ ಹಾಗೆಯೇ ಸುತ್ತಿದರೆ ರೀಲಿನಲ್ಲಿ ದಾರ ಸುತ್ತುವ ಉರುಳೆಯ, ಅಂದರೆ ಸ್ಪೂಲಿನ ಮೇಲೆ ಸಡಿಲ ಸುತ್ತು ಕೂರುತ್ತದೆ. ಮುಂದಿನ ಎಸೆತದಲ್ಲಿ ನಾಲ್ಕೈದು ಸುತ್ತು ಒಟ್ಟಿಗೆ ಕಿತ್ತು ಬಂದು ರಾಡಿನ ಮೊದಲ ಗೈಡಿನಲ್ಲಿ (ದಾರ ಹಾಯುವ ಉಂಗುರದಲ್ಲಿ) ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ತಲೆಯ ಮೇಲಿಂದ ಎಸೆಯದೆ ಪಕ್ಕದಿಂದ, ತಗ್ಗಾಗಿ ಎಸೆಯಿರಿ. ಜಿಗ್ ನೀರಿಗೆ ಬೀಳುವ ಮುನ್ನ ಬೆರಳಿನಿಂದ ದಾರವನ್ನು ತಡೆಯಿರಿ. ಬೇಲ್ ಅನ್ನು, ಅಂದರೆ ರೀಲಿನ ಮೇಲೆ ದಾರ ಹಿಡಿಯುವ ತಂತಿಯ ಕಮಾನನ್ನು, ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಬಿಗಿಯಾಗಿ ಎಳೆದು, ರಾಡಿನ ತುದಿಯನ್ನು ನೀರಿಗೆ ಗೇಣಿನಷ್ಟು ಹತ್ತಿರ ಇಳಿಸಿ ಆಮೇಲೆ ಸುತ್ತಿ. ಸ್ಪೂಲನ್ನು ಅಂಚಿನವರೆಗೆ ತುಂಬಬೇಡಿ, 2 ಮಿ.ಮೀ. ಬಿಡಿ. ಸುತ್ತುಗಳ ನಡುವೆ ಒಂದು ಕುಣಿಕೆ ಹೊರಗೆ ಇಣುಕಿದ್ದು ಕಂಡರೆ ಎಸೆಯದೆ ಅಲ್ಲಿಯವರೆಗೆ ದಾರ ಬಿಚ್ಚಿ ಮತ್ತೆ ಸುತ್ತಿ. ಗಂಟು ಬಿದ್ದೇಬಿಟ್ಟರೆ ಎಳೆಯಬೇಡಿ. ಸೂಜಿಯಿಂದ ಒಂದೊಂದೇ ಕುಣಿಕೆ ಸಡಿಲಿಸಿದರೆ ಹೆಚ್ಚಿನವು ಬಿಚ್ಚಿಕೊಳ್ಳುತ್ತವೆ.

ದೋಣಿ ನಿಲ್ಲಿಸುವಾಗ ಹಗ್ಗಕ್ಕೆ ಜಿಪುಣತನ ಬೇಡ. ನೀರಿನ ಆಳ, ಮೂತಿಯ ಎತ್ತರ ಸೇರಿ 3 ಮೀಟರ್ ಆದರೆ 21 ಮೀಟರ್ ಹಗ್ಗ ಬಿಡಬೇಕು, ಲಂಗರಿನ ಬಳಿ 2 ಮೀಟರ್ ಸರಪಳಿ ಇರಬೇಕು. ಹಗ್ಗ ಕಡಿದಾಗಿ ನಿಂತರೆ ಪ್ರತಿ ಅಲೆಯೂ ಲಂಗರನ್ನು ಮೇಲಕ್ಕೆ ಕೀಳುತ್ತದೆ. ಕಟ್ಟುವುದು ಮೂತಿಗೆ ಮಾತ್ರ. ಹಿಂಭಾಗಕ್ಕೆ ಕಟ್ಟಿದ ಸಣ್ಣ ದೋಣಿಗೆ ಅಲೆ ನುಗ್ಗಿ ನಿಮಿಷದೊಳಗೆ ನೀರು ತುಂಬಬಹುದು.

ಕಾಯಕ್‌ನವರಿಗೆ ನೆಲದಿಂದ ಬೀಸುವ ಗಾಳಿಯೇ ಹೆಚ್ಚು ಅಪಾಯ. ದಡದಲ್ಲಿ ನಿಂತಾಗ ನೀರು ಸೌಮ್ಯವಾಗಿ ಕಾಣುತ್ತದೆ, ಆದರೆ ಮರಳುವಾಗ ಪೂರ್ತಿ ಎದುರುಗಾಳಿ. ಮೊದಲರ್ಧ ಗಾಳಿಗೆ ಎದುರಾಗಿ ಹೋಗುವ ಹಾದಿಯನ್ನೇ ಆರಿಸಿ. ಈ ಗಾಳಿ ಎರಡು ದಿನ ಬೀಸಿದ ಮೇಲೆ ನೀರನ್ನೇ ಹೊರಕ್ಕೆ ತಳ್ಳಿರುತ್ತದೆ. ಉಬ್ಬರ–ಇಳಿತದ ಪಟ್ಟಿಯಲ್ಲಿರುವಷ್ಟು ಆಳ ಸಿಗುವುದಿಲ್ಲ. ಕಿರುಗಾಲುವೆಯೊಳಗೆ ಹೋಗಿದ್ದರೆ ಇಳಿತ ಮುಗಿಯುವ ಎರಡು ಗಂಟೆ ಮೊದಲೇ ಹೊರಬನ್ನಿ, ಇಲ್ಲವಾದರೆ ಮುಂದಿನ ಉಬ್ಬರದವರೆಗೆ ಕೆಸರಿನಲ್ಲೇ ಕೂರಬೇಕಾದೀತು.

ಹತ್ತಿಬಟ್ಟೆ ಒದ್ದೆಯಾದರೆ ಮೈಶಾಖವನ್ನೆಲ್ಲ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ, ಮೇಲೆ ಗಾಳಿ ತಡೆಯುವ ಜಾಕೆಟ್, ಅದರ ಮೇಲೆ ಲೈಫ್ ಜಾಕೆಟ್. ಇದು ಸೀಟಿನ ಕೆಳಗಲ್ಲ, ಮೈಮೇಲೆ. ಗಂಟು ಹಾಕಲು ಬೆರಳು ಮಾತು ಕೇಳದಿದ್ದರೆ, ಬಯಲು ನೀರಿನ ತುಂಬ ಬಿಳಿ ನೊರೆ ಎದ್ದರೆ, ಮೀನು ಕಚ್ಚುತ್ತಿದ್ದರೂ ಹೊರಟುಬಿಡಿ.

ಗಾಳಿ ಉಪ್ಪಿನ ಹನಿಯನ್ನು ರೀಲಿನ ಸಂದುಸಂದಿಗೂ ಒಯ್ದಿರುತ್ತದೆ. ಅಂದೇ ಸಂಜೆ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕು) ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನಿಂದ ರಭಸವಾಗಿ ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒರೆಸಿದ ಮೇಲೆ ಡ್ರ್ಯಾಗ್ ಸಡಿಲಿಸಿ ನೆರಳಲ್ಲಿ ಒಣಗಿಸಿ. ಬ್ರೇಡಿನ ಕೊನೆಯ ಎರಡು ಮೀಟರನ್ನು ಉಗುರಿನ ನಡುವೆ ಎಳೆದು ನೋಡಿ, ಎಲ್ಲಿ ಒರಟಾಗಿದೆಯೋ ಅಲ್ಲಿಂದ ಕತ್ತರಿಸಿ.