ನಾಲ್ಕು ವರ್ಷದ ಮಗುವಿನ ಬುದ್ಧಿಮತ್ತೆ ಅಳೆಯುವ ಮೊದಲು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ತಂಗಿಗೆ, ಮಗನನ್ನು ಎಲ್‌ಕೆಜಿಗೆ ಸೇರಿಸುವ ಮೊದಲು ಅವನ ಐಕ್ಯೂ ಪರೀಕ್ಷೆ ಮಾಡಿಸಿಕೊಂಡು ಬರುವಂತೆ ಶಾಲೆಯೊಂದು ಹೇಳಿದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತ ಬೆಳೆಯುವ ಮಕ್ಕಳು ಅಲ್ಲಿ ಮನೆಮನೆಗೂ ಇರುವುದರಿಂದ, ಅವಳಿಗೆ ಬರೆದ ಉತ್ತರವನ್ನು ಎಲ್ಲ ಪಾಲಕರಿಗೂ ತಿಳಿಸಬೇಕೆನಿಸಿತು.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನ ಮಗಳ ಮಾತು ತಡವಾಗಿದೆಯೆಂಬ ಅನುಮಾನದಿಂದ ಅಂಥ ಪರೀಕ್ಷೆ ನಡೆದಾಗ ಕೋಣೆಯ ಮೂಲೆಯಲ್ಲಿ ಕೂರಲು ನನಗೆ ಅನುಮತಿ ಸಿಕ್ಕಿತ್ತು. ಬಣ್ಣದ ಘನಗಳನ್ನು ಚಿತ್ರದಲ್ಲಿರುವಂತೆ ಜೋಡಿಸಬೇಕಿತ್ತು. ಮಗಳು ಎರಡನ್ನು ಸರಿಯಾಗಿ ಇಟ್ಟು, ಮೂರನೆಯದನ್ನು ಕೈಯಲ್ಲೇ ಹಿಡಿದು ಪರೀಕ್ಷಕಿಯ ಮುಖ ನೋಡತೊಡಗಿದಳು. ಹಿರಿಯರನ್ನು ಕೇಳದೆ ಮುಂದುವರಿಯಬಾರದೆಂದು ಮನೆಯಲ್ಲಿ ಕಲಿಸಿದ್ದು ನಾವೇ. ಗಡಿಯಾರ ಓಡುತ್ತಿತ್ತು, ಪರೀಕ್ಷಕಿ ನಿಯಮದಂತೆ ಏನನ್ನೂ ಹೇಳಲಿಲ್ಲ, ಸಮಯ ಮುಗಿಯಿತು. ಇಂಥ ಪರೀಕ್ಷೆಗಳಲ್ಲಿ ಗೊತ್ತಿಲ್ಲದ ಮಗುವಿಗೂ ಗೊತ್ತಿದ್ದು ಸುಮ್ಮನಿದ್ದ ಮಗುವಿಗೂ ಸಿಗುವುದು ಒಂದೇ ಸೊನ್ನೆ, ಮತ್ತು ಸತತವಾಗಿ ಕೆಲವು ಸೊನ್ನೆಗಳು ಬಂದರೆ ಆ ವಿಭಾಗವೇ ನಿಲ್ಲುವುದರಿಂದ, ಅಪರಿಚಿತರೆದುರು ನಾಚುವ ಮಗುವಿಗೆ ಮುಂದಿನ ಪ್ರಶ್ನೆಗಳನ್ನು ನೋಡುವ ಅವಕಾಶವೂ ಉಳಿಯುವುದಿಲ್ಲ.

ಚಿಕ್ಕ ಮಕ್ಕಳ ಬುದ್ಧಿಮತ್ತೆ ಅಳೆಯಲು ಹೆಚ್ಚು ಬಳಕೆಯಲ್ಲಿರುವ ವೆಕ್ಸ್ಲರ್ ಪರೀಕ್ಷೆಯ 2012ರ ಆವೃತ್ತಿ ಎರಡೂವರೆ ವರ್ಷದ ಮಕ್ಕಳಿಂದಲೇ ಆರಂಭವಾಗುತ್ತದೆ. ಸರಾಸರಿ 100. ಆದರೆ ಯಾವ ಅಳತೆಯಲ್ಲೂ ಸ್ವಲ್ಪ ಏರುಪೇರು ಇರುವುದರಿಂದ, 88 ಎಂದು ಬಂದ ಅಂಕವನ್ನು ಸುಮಾರು 82ರಿಂದ 94ರ ನಡುವಿನ ವ್ಯಾಪ್ತಿಯಾಗಿಯೇ ಓದಬೇಕು, ಮತ್ತು ಮಗುವಿಗೆ ಬಾರದ ಭಾಷೆಯಲ್ಲಿ ಕೇಳಿದ್ದರಿಂದಾದ ನಷ್ಟ ಈ ವ್ಯಾಪ್ತಿಯೊಳಗೂ ಬರುವುದಿಲ್ಲ. ಆ ವಯಸ್ಸಿನ ಅಂಕಗಳು ದೊಡ್ಡ ಮಕ್ಕಳ ಅಂಕಗಳಷ್ಟು ಸ್ಥಿರವೂ ಅಲ್ಲ.

ಬಾರದ ಭಾಷೆಯಲ್ಲಿ ಅಳೆಯುವ ಈ ಅನ್ಯಾಯವನ್ನು ಇಲ್ಲಿನ ಜನ ನ್ಯಾಯಾಲಯಕ್ಕೆ ಒಯ್ದು ಸರಿಪಡಿಸಿಕೊಂಡರು. ಸ್ಪ್ಯಾನಿಷ್ ಮಾತನಾಡುವ ಮನೆಗಳ ಒಂಬತ್ತು ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆಯ ಬಲದಿಂದ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದನ್ನು ಪ್ರಶ್ನಿಸಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಡಯಾನಾ ಮೊಕದ್ದಮೆ 1970ರಲ್ಲಿ ಒಪ್ಪಂದದೊಂದಿಗೆ ಮುಗಿಯಿತು. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣದ ಅಮೆರಿಕದ ಕೇಂದ್ರ ಕಾನೂನು ಈಗ ಮಗುವಿನ ಸ್ವಂತ ಭಾಷೆಯಲ್ಲಿ ಪರೀಕ್ಷಿಸಬೇಕೆಂದೂ, ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಿಸಕೂಡದೆಂದೂ ಹೇಳುತ್ತದೆ. ಆ ಕಾನೂನಿನ ಬಲದಿಂದಲೇ ನಾನು ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯನ್ನು ಕೇಳಿ ಪಡೆದೆ.

ನಮ್ಮ ಭಾಗಕ್ಕೂ ಈ ವಿಷಯ ಹೊಸದಲ್ಲ. ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ, ಫ್ರಾನ್ಸಿನ ಬಿನೆ ಆರಂಭಿಸಿದ ಬುದ್ಧಿಮತ್ತೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಎರಡೂ ಭಾಷೆಗಳ ಬೆಳಗಾವಿಗೆ ಇದಕ್ಕಿಂತ ಹತ್ತಿರದ ಕೆಲಸ ಇನ್ನೊಂದಿಲ್ಲ, ಮತ್ತು ಅದರ ಬಗ್ಗೆ ನನಗೆ ನಿಜವಾದ ಅಭಿಮಾನವಿದೆ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೆ ಜನಸಮೂಹದ ಸರಾಸರಿ ಸಾಧನೆ ದಶಕದಿಂದ ದಶಕಕ್ಕೆ ಏರುತ್ತ ಬಂದಿರುವುದರಿಂದ, ಅಂದಿನ ಮಕ್ಕಳ ಸರಾಸರಿಯನ್ನು ಆಧರಿಸಿದ ಹಳೆಯ ಮಾನದಂಡದಲ್ಲಿ ಅಳೆದ ಇಂದಿನ ಮಗುವಿನ ಅಂಕ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಕಾಣಬಹುದು, ಆಗ ನೆರವು ಬೇಕಾದ ಮಗುವೇ ಪಟ್ಟಿಯಿಂದ ಹೊರಗುಳಿಯುತ್ತದೆ.

ಆದ್ದರಿಂದ ಪರೀಕ್ಷೆಗಳೇ ಬೇಡವೆನ್ನುವವರ ಜೊತೆ ನಾನಿಲ್ಲ. ಪರೀಕ್ಷೆಯ ಸಿಂಧುತ್ವವಿರುವುದು ಅದರ ಪುಸ್ತಿಕೆಯಲ್ಲಲ್ಲ, ಅದರ ಫಲಿತಾಂಶವನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದರಲ್ಲಿ. ಮಾತು ತಡವಾದ ಮಗುವಿಗೆ ಯಾವ ನೆರವು ಬೇಕೆಂದು ಅರಿಯಲು ಉಪಯುಕ್ತವಾದ ಸಾಧನವೇ ನಾಲ್ಕು ವರ್ಷದವರನ್ನು ಪ್ರವೇಶಕ್ಕಾಗಿ ಸೋಸುವಾಗ ಸಿಂಧುವಾಗಿ ಉಳಿಯುವುದಿಲ್ಲ. ಭಾರತದ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿಗೆ ಔಪಚಾರಿಕ ಪರೀಕ್ಷೆ ಸಲ್ಲದೆಂದೇ ಹೇಳಿದೆ.

ತಂಗಿಗೆ ಹೇಳಿದ್ದು ಇಷ್ಟು: ಪ್ರವೇಶಕ್ಕಾಗಿಯಾದರೆ ಪರೀಕ್ಷೆ ಮಾಡಿಸಬೇಡ, ಶಾಲೆಗೆ ಲಿಖಿತವಾಗಿ ಕಾರಣ ಕೇಳು. ಮಗನ ಮಾತು, ನಡೆ ಅಥವಾ ಕೇಳುವಿಕೆಯ ಬಗ್ಗೆ ನಿನಗೇ ಆತಂಕವಿದ್ದರೆ ಒಂದು ದಿನವೂ ತಡಮಾಡದೆ ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕಾಣು, ಮೊದಲು ಕಿವಿ ಪರೀಕ್ಷೆ ಮಾಡಿಸು. ಬುದ್ಧಿಮತ್ತೆಯ ಪರೀಕ್ಷೆಯೂ ಬೇಕೆಂದರೆ, ಯಾವ ಭಾಷೆಯಲ್ಲಿ ಕೇಳಿದರು, ಮಗು ಮರಾಠಿಯಲ್ಲಿ ಕೊಟ್ಟ ಉತ್ತರವನ್ನು ಎಣಿಸಿದರೇ, ಮಾನದಂಡ ಯಾವ ವರ್ಷದ್ದು, ಅಂದು ಮಗು ದಣಿದಿತ್ತೇ ಎಂಬುದೆಲ್ಲ ವರದಿಯಲ್ಲೇ ಬರಲಿ ಎಂದು ಮೊದಲೇ ಕೇಳಿಕೊ, ಮತ್ತು ಅಂಕದ ಪಕ್ಕದಲ್ಲಿ ಅದರ ವ್ಯಾಪ್ತಿಯನ್ನು ಬರೆಯದ ವರದಿಯನ್ನು ಶಾಲೆಗೆ ಕೊಡಬೇಡ.