ಸ್ಮ್ಯಾಶ್ ಜೋರಾಗಲಿ ಅಂತ ಭಾರದ ಬ್ಯಾಟ್ ಹುಡುಕುತ್ತಿರುವವರಿಗೆ

ಶಟಲ್ ಆಡುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಪವರ್ ಬೇಕಾ? ಭಾರದ ಬ್ಯಾಟ್ ತಗೋ. ಹೆಡ್ ಹೆವಿ, ಅಂದರೆ ತೂಕ ತಲೆ ಕಡೆಗೇ ಜಾಸ್ತಿ ಆಗಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯವರೂ ಹಾಗೇ ಹೇಳುತ್ತಾರೆ, ಯೂಟ್ಯೂಬಿನವರೂ ಹಾಗೇ ಹೇಳುತ್ತಾರೆ, ಪಕ್ಕದ ಕೋರ್ಟಿನ ಅಂಕಲ್ ಅಂತೂ ಕೇಳದೆಯೇ ಹೇಳುತ್ತಾರೆ.

ಈಗ ಇದನ್ನು ಕೇಳಿ. 2023ರಲ್ಲಿ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ಬ್ಯಾಟ್ ತಯಾರಿಸುವ ಯೋನೆಕ್ಸ್ ಕಂಪನಿಯ ಕಾರ್ಖಾನೆಯೊಳಗೆ ಒಂದು ಸ್ಮ್ಯಾಶ್ ಹೊಡೆದರು. ವೇಗ ಗಂಟೆಗೆ 565 ಕಿಲೋಮೀಟರ್. ಹತ್ತು ವರ್ಷದಿಂದ ಅಲುಗದೆ ನಿಂತಿದ್ದ 493ರ ಗಿನ್ನೆಸ್ ದಾಖಲೆ ಮುರಿದುಬಿತ್ತು. ಆಗ ಅವರ ಕೈಯಲ್ಲಿದ್ದದ್ದು ನ್ಯಾನೋಫ್ಲೇರ್ 1000 ಜೆಡ್. ಅಂದರೆ ಹೆಡ್ ಲೈಟ್, ತಲೆ ಹಗುರ ಇರುವ ಸರಣಿಯ ಬ್ಯಾಟ್! ಸಾತ್ವಿಕ್ ಅವರ ಎತ್ತರ, ಭುಜ, ತರಬೇತಿ ನಮಗಿಲ್ಲ, ಸರಿ. ಆ ಅಳತೆಯೂ ಕಾಕ್ (ಶಟಲ್‌ಕಾಕ್) ಬ್ಯಾಟ್ ಬಿಟ್ಟ ಕ್ಷಣದ್ದು, ನೆಟ್ ದಾಟುವಷ್ಟರಲ್ಲೇ ಗರಿ ಗಾಳಿಗೆ ಸಿಕ್ಕಿ ವೇಗ ಬಹಳ ಇಳಿದಿರುತ್ತದೆ. ಆದರೂ ಭಾರ ಇದ್ದರೇ ಪವರ್ ಅನ್ನುವ ಮಾತು ಅಷ್ಟು ನೇರ ಅಲ್ಲ ಅನ್ನುವುದಕ್ಕೆ ಇದೊಂದು ಸಾಕು.

ಮೊದಲು ನಂಬರ್ ನೋಡಿಬಿಡೋಣ. ಹಿಡಿಯ ಮೇಲಿರುವ ಕೋನ್ ಮೇಲೆ ಪುಟ್ಟ ಅಕ್ಷರದಲ್ಲಿ 3ಯು, 4ಯು ಅಂತ ಇರುತ್ತದಲ್ಲ, ಅದೇ ತೂಕ. ಯು ಹಿಂದಿನ ಅಂಕಿ ದೊಡ್ಡದಾದಷ್ಟೂ ಬ್ಯಾಟ್ ಹಗುರ. ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 90 ಗ್ರಾಂ ಒಳಗೆ, 4ಯು 80ರಿಂದ 85ರ ಒಳಗೆ, 5ಯು 75ರಿಂದ 80ರ ಒಳಗೆ. 2ಯು ಅಂದರೆ 90 ದಾಟಿದ್ದು, ಅದು ಈಗ ಅಂಗಡಿಗಳಲ್ಲಿ ಕಾಣುವುದೇ ಅಪರೂಪ. ಇದೆಲ್ಲ ಗಟ್ಟಿಂಗ್, ಅಂದರೆ ತಂತಿ ಹಾಕಿಸುವ ಮುಂಚಿನ ತೂಕ.

ಇನ್ನು ಆಚೆ ಕಡೆ ನೋಡಿ. ಕಾಕ್ ತೂಕ ಸುಮಾರು 5 ಗ್ರಾಂ, ನಿಯಮದ ಪ್ರಕಾರ 4.74ರಿಂದ 5.50 ಗ್ರಾಂ. ಅತಿ ಹಗುರದ ಬ್ಯಾಟ್ ಕೂಡ ಅದಕ್ಕಿಂತ ಎಷ್ಟೋ ಪಟ್ಟು ಭಾರ ಇದೆ. ಅದಕ್ಕೆ ಇನ್ನೊಂದು 5 ಗ್ರಾಂ ಸೇರಿಸಿದರೆ ಕಾಕ್‌ಗೆ ಸಿಗುವ ಹೆಚ್ಚುವರಿ ತಳ್ಳು ತೀರಾ ಸ್ವಲ್ಪ. ಅದೇ ಬ್ಯಾಟಿನ ತಲೆ ಶೇಕಡಾ 10ರಷ್ಟು ಜೋರಾಗಿ ಬಂದರೆ ಕಾಕ್ ವೇಗವೂ ಹೆಚ್ಚೂಕಡಿಮೆ ಅಷ್ಟೇ ಏರುತ್ತದೆ. ಹಾಗಾಗಿ ನಾವು ಕೇಳಬೇಕಾದ್ದು ಯಾವ ಬ್ಯಾಟ್ ಭಾರ ಅಂತಲ್ಲ, ಯಾವ ಬ್ಯಾಟಿನ ತಲೆಯನ್ನು ನನ್ನ ಕೈ ಜೋರಾಗಿ ತಿರುಗಿಸಬಲ್ಲದು ಅಂತ.

ಹಾಗಂತ ಭಾರಕ್ಕೆ ಬೆಲೆಯೇ ಇಲ್ಲ ಅಂತೇನಲ್ಲ. ಕಾಕ್ ನಡುವಿಗೆ ತಾಗದೆ ಅಂಚಿಗೆ ತಾಗಿದಾಗ ಭಾರದ ಬ್ಯಾಟ್ ಕೈಯಲ್ಲಿ ಅಷ್ಟು ಅಲುಗುವುದಿಲ್ಲ. ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ, ಅಂದರೆ 13.4 ಮೀಟರ್ ಉದ್ದಕ್ಕೂ ಎತ್ತರದ ಕ್ಲಿಯರ್ ಹೊಡೆತ ಹೊಡೆಯುವಾಗ ಆ ತೂಕ ಖುಷಿ ಕೊಡುತ್ತದೆ. ಎರಡು ಗೇಮ್ ಆದಮೇಲೂ ಭುಜ ಅದೇ ವೇಗದಲ್ಲಿ ತಿರುಗುವ ಹಾಗಿದ್ದರೆ 3ಯು ಒಳ್ಳೆಯ ಆಯ್ಕೆ, ಅದರಲ್ಲೂ ಸಿಂಗಲ್ಸ್ ಆಡುವವರಿಗೆ.

ನನ್ನ ಪ್ರಕಾರ ಎಲ್ಲರೂ ಮರೆಯುವುದು ಬ್ಯಾಲೆನ್ಸ್. ಸುತ್ತಿಗೆಯನ್ನು ಒಮ್ಮೆ ಹಿಡಿ ಕಡೆಯಿಂದ, ಒಮ್ಮೆ ಕಬ್ಬಿಣದ ಕಡೆಯಿಂದ ಹಿಡಿದು ಬೀಸಿ ನೋಡಿ. ತೂಕ ಅದೇ, ಕೈಗೆ ಮಾತ್ರ ಬೇರೆಯೇ ವಸ್ತು ಅನಿಸುತ್ತದೆ. ಬ್ಯಾಟಿನಲ್ಲೂ ಹೀಗೇ. ಮಣಿಕಟ್ಟಿನಿಂದ 10 ಸೆಂಟಿಮೀಟರ್ ದೂರದಲ್ಲಿ ಕೂತ ಒಂದು ಗ್ರಾಂಗೂ 60 ಸೆಂಟಿಮೀಟರ್ ದೂರದಲ್ಲಿ ಕೂತ ಒಂದು ಗ್ರಾಂಗೂ ದೂರದಲ್ಲಿ ಆರು ಪಟ್ಟು ವ್ಯತ್ಯಾಸ, ಆದರೆ ತಿರುಗಿಸುವ ಕಷ್ಟದಲ್ಲಿ 36 ಪಟ್ಟು. ಅದಕ್ಕೇ 4ಯು ಹೆಡ್ ಹೆವಿ ಬ್ಯಾಟ್ ಒಂದು, 3ಯು ಹೆಡ್ ಲೈಟ್ ಬ್ಯಾಟಿಗಿಂತ ಭಾರ ಅನಿಸಬಹುದು. ಕೋನ್ ಮೇಲಿನ ನಂಬರ್ ಇದನ್ನು ಹೇಳುವುದಿಲ್ಲ. ಹಿಡಿಗೂ ತಲೆಗೂ ನಡುವಿನ ತೆಳು ಕಡ್ಡಿಯನ್ನು, ಅಂದರೆ ಶಾಫ್ಟನ್ನು, ಒಂದು ಬೆರಳ ಮೇಲೆ ಅಡ್ಡ ಇಟ್ಟು, ಎಲ್ಲಿ ಸಮ ನಿಲ್ಲುತ್ತದೆ ನೋಡಿ. ಹಿಡಿಯ ತುದಿಯಿಂದ ಆ ಜಾಗಕ್ಕೆ ಟೇಪ್ ಹಿಡಿದರೆ, ಗಟ್ಟಿಂಗ್ ಇಲ್ಲದ ಬ್ಯಾಟಿನಲ್ಲಿ 285 ಮಿಲಿಮೀಟರ್ ಆಸುಪಾಸು ಬಂದರೆ ಮಧ್ಯಮ, 295 ದಾಟಿದರೆ ಹೆಡ್ ಹೆವಿ ಅಂತ ಸುಮಾರಾಗಿ ಇಟ್ಟುಕೊಳ್ಳಬಹುದು. ಗಟ್ಟಿಂಗ್ ಆದಮೇಲೆ ತಂತಿಯ ತೂಕಕ್ಕೆ ಅದು ಇನ್ನಷ್ಟು ತಲೆ ಕಡೆ ಸರಿಯುತ್ತದೆ. ಹಿಡಿಗೆ ದಪ್ಪಗೆ ಓವರ್‌ಗ್ರಿಪ್ ಸುತ್ತಿದರೆ ಒಟ್ಟು ತೂಕ ಏರುತ್ತದೆ, ಆದರೂ ಬ್ಯಾಟ್ ಹಗುರ ಅನಿಸುತ್ತದೆ, ವಿಚಿತ್ರ ಅಲ್ವಾ?

ಡಬಲ್ಸ್ ಆಡುವವರು ಇನ್ನೊಂದು ನೋಡಬೇಕು. ನಮ್ಮಲ್ಲಿ ಬಾಡಿಗೆ ಕೋರ್ಟ್ ಹಿಡಿದು ಆಡುವವರಲ್ಲಿ ಹೆಚ್ಚಿನವರು ಡಬಲ್ಸೇ ತಾನೇ. ಒಂದು ಸ್ಮ್ಯಾಶಿಗೆ ಪಾಯಿಂಟ್ ಬರುವುದು ಕಡಿಮೆ. ಎದುರಿನವರು ಹೇಗೋ ಎತ್ತಿ ಕೊಡುತ್ತಾರೆ, ಎರಡನೆಯದು, ಮೂರನೆಯದು ಹೊಡೆಯಬೇಕು, ನಡುವೆ ಅವರೇ ಫ್ಲಾಟ್ ಆಗಿ ಮುಖಕ್ಕೆ ಬಾರಿಸಿದರೆ ಬ್ಯಾಟ್ ಅಷ್ಟರಲ್ಲಿ ಎದೆ ಮಟ್ಟಕ್ಕೆ ಬಂದಿರಬೇಕು. ಭಾರದ ತಲೆ ಇಲ್ಲೇ ಕೈ ಕೊಡುವುದು. ಮೊದಲ ಸ್ಮ್ಯಾಶ್ ಸಿಡಿಲು, ಆಮೇಲಿನದೆಲ್ಲ ಲೇಟ್. ಲೇಟ್ ಆದರೆ ಕಾಕ್ ತಲೆಯ ಹಿಂದೆ ಸಿಗುತ್ತದೆ, ಆಗ ಭುಜದಿಂದ ಎಳೆದು ಹೊಡೆಯುತ್ತೇವೆ. ಭುಜ, ಮೊಣಕೈ ನೋವು ಶುರುವಾಗುವ ಒಂದು ದಾರಿ ಇದು.

ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಸ್ಮ್ಯಾಶ್ ಮಾಡುವುದನ್ನು ನಿಧಾನಗತಿಯಲ್ಲಿ ನೋಡಿ. ಜ್ವಾಲಾ ಗುಟ್ಟಾ ಜೊತೆ 2011ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದವರು, ಹಿಂದಿನ ಕೋರ್ಟಿನಿಂದ ಹೊಡೆಯುವ ಹೊಡೆತಕ್ಕೇ ಹೆಸರಾದವರು. ಸೊಂಟ ತಿರುಗುತ್ತದೆ, ಆಮೇಲೆ ಭುಜ, ಕೊನೆಗೆ ಮುಂಗೈ ಒಳಕ್ಕೆ ಹೊರಳುತ್ತದೆ. ಬೆರಳು ಹಿಡಿಯನ್ನು ಬಿಗಿ ಮಾಡುವುದು ಕಾಕ್ ತಾಗುವ ಹೊತ್ತಿಗಷ್ಟೇ. ಈ ಸರಪಳಿ ಕೂಡಿ ಬರದವರಿಗೆ 3ಯು ಕೊಟ್ಟರೂ ಅಷ್ಟೇ, 5ಯು ಕೊಟ್ಟರೂ ಅಷ್ಟೇ.

ಸ್ಟಿಫ್, ಅಂದರೆ ಸುಲಭಕ್ಕೆ ಬಗ್ಗದ ಶಾಫ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈ ವೇಗ ಇನ್ನೂ ಬರದವರಿಗೆ ಅದು ಬಗ್ಗುವುದೇ ಇಲ್ಲ, ಮೀಡಿಯಂ ಸಾಕು. ಗಟ್ಟಿಂಗ್ ಬಿಗಿ ಕೂಡ 22ರಿಂದ 24 ಪೌಂಡ್ ಇರಲಿ. ಆಟಗಾರರು 28, 30 ಹಾಕಿಸುತ್ತಾರೆ ಅಂತ ಸುಮ್ನೆ ಬಿಗಿ ಮಾಡಿಸಿದರೆ ತಂತಿ ಕಾಕನ್ನು ಚಿಮ್ಮಿಸುವುದು ಕಡಿಮೆಯಾಗುತ್ತದೆ, ಚೆನ್ನಾಗಿ ತಾಗುವ ಜಾಗವೂ ಕಿರಿದಾಗುತ್ತದೆ.

ಹಾಗಾದರೆ ಏನು ಕೊಳ್ಳುವುದು? ವಾರಕ್ಕೆ ಎರಡು ಮೂರು ಸಂಜೆ ಡಬಲ್ಸ್ ಆಡುತ್ತೀರಿ, ಹಿಂದೆ ನಿಂತು ಹೊಡೆಯುವುದು ಇಷ್ಟ ಅಂದರೆ 4ಯು, ಸ್ವಲ್ಪ ಹೆಡ್ ಹೆವಿ, ಮೀಡಿಯಂ ಶಾಫ್ಟ್. ಮುಂದೆ ನಿಂತು ನೆಟ್ ಕಾಯುವವರಾದರೆ ಹೆಡ್ ಹೆವಿ ಬೇಡವೇ ಬೇಡ. ಈಗಷ್ಟೇ ಶುರು ಮಾಡಿದವರು, ಭುಜ ನೋವಿರುವವರು 5ಯು ತಗೊಳ್ಳಲು ನಾಚಿಕೆ ಪಡಬೇಡಿ. ದುಡ್ಡು ಕೊಡುವ ಮುಂಚೆ ಗೆಳೆಯರ ಬ್ಯಾಟ್ ಒಂದೆರಡು ಇಸಕೊಂಡು ಆಡಿ ನೋಡಿ, ಆದರೆ ಮೊದಲ ಗೇಮಿನಲ್ಲಲ್ಲ. ಬೆವರಿಳಿದು ಕೈ ಸೋತಿರುವ ಕೊನೆಯ ಗೇಮಿನಲ್ಲಿ. ಆಗಲೂ ಕಾಕ್ ನಿಮ್ಮ ಮುಂದೆಯೇ, ಎತ್ತರದಲ್ಲೇ ಸಿಗುತ್ತಿದೆ ಅಂದರೆ ಆ ತೂಕ ನಿಮ್ಮದು.

ಮತ್ತೆ, 3ಯುವೋ 4ಯುವೋ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. 84.8 ಗ್ರಾಂ ಇದ್ದರೆ 4ಯು, 85.1 ಇದ್ದರೆ 3ಯು. ನಿಮ್ಮ ಗೆಳೆಯರ 3ಯುಗೂ ನಿಮ್ಮ 4ಯುಗೂ ಕಾಲು ಗ್ರಾಂ ವ್ಯತ್ಯಾಸವೂ ಇರಬಹುದು, ಒಂಬತ್ತು ಗ್ರಾಂ ಕೂಡ ಇರಬಹುದು. ಅಂಗಡಿಯಲ್ಲಿ ಒಂದೇ ಮಾಡೆಲಿನ ಎರಡು ಮೂರು ಬ್ಯಾಟ್ ಇದ್ದರೆ ಚಿಕ್ಕ ತಕ್ಕಡಿ ಇದೆಯಾ ಅಂತ ಕೇಳಿ, ಎಲ್ಲವನ್ನೂ ತೂಗಿಸಿ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.